ಬೆಳಗಿನ ಒದ್ದೆ

ಅವ್ವ ಅಮೆರಿಕಕ್ಕೆ ಬಂದ ಮೂರನೆಯ ವಾರವೇ ಅಪ್ಪನ ಹೆಸರು ಬದಲಾಯಿತು. ಅಪ್ಪನಿಗೆ ಇದರ ಸುಳಿವೂ ಇರಲಿಲ್ಲ. ಅವನು ರಜೆ ಸಿಗಲಿಲ್ಲವೆಂದು ಧಾರವಾಡದಲ್ಲಿ ತನ್ನ ಕಚೇರಿಯ ಕುರ್ಚಿಯಲ್ಲಿ ಹಾಯಾಗಿ ಕೂತಿದ್ದ. ಅವ್ವ ನನ್ನ ಬಾಣಂತನಕ್ಕೆಂದು ಹೊರಟವಳು; ವೀಸಾ ಕೈಗೆ ಬರುವಷ್ಟರಲ್ಲಿ ಮಗುವಿಗೆ ಎರಡು ಹಲ್ಲು ಬಂದಿದ್ದವು, ಅವ್ವನದು ಒಂದು ಹಲ್ಲು ಅಲ್ಲಾಡತೊಡಗಿತ್ತು. ರೆಡ್‌ವುಡ್ ಸಿಟಿಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಹತ್ತಿರದ ಹಲ್ಲಿನ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಮಗುವಿನ ಬಟ್ಟೆ ಬದಲಿಸಿಕೊಂಡು ಬರುವಷ್ಟರಲ್ಲಿ ಕೌಂಟರಿನ ಹುಡುಗಿ ಫಾರಂ ತುಂಬಿಸಿ ಮುಗಿಸಿದ್ದಳು. ಹತ್ತು ದಿನಗಳ ಮೇಲೆ ಅಂಚೆಯಲ್ಲಿ ಒಂದು ಲಕೋಟೆ ಬಂತು. ಅದರ ಮೇಲೆ ಅಚ್ಚುಕಟ್ಟಾಗಿ ಟೈಪ್ ಮಾಡಿತ್ತು: ಮಿಸೆಸ್ ನಮ್ಮಮನ್ಯಾವ್ರು.

"ಇದೇನವ್ವ ಇದು?" ಎಂದೆ.

"ಆ ಹುಡುಗಿ ಹಸ್ಬೆಂಡ್ ನೇಮ್ ಅಂತ ಕೇಳಿದ್ಲು, ಅಷ್ಟು ತಿಳೀತು ನನಗ. ನೀ ಇರಲಿಲ್ಲ. ನಮ್ಮ ಮನ್ಯಾವ್ರು ಅಂದೆ. ತಪ್ಪೇನೈತಿ?"

"ಒಂದು ಹೆಸರು ಹೇಳಾಕ ಏನು ಧಾಡಿ ಆಗಿತ್ತು ನಿನಗ? ಇದೇನು ನಮ್ಮ ಓಣಿ ಅಂತ ತಿಳಿದೀಯೇನು?"

ಅವ್ವ ಮಗುವನ್ನು ಎತ್ತಿಕೊಂಡು ಕಿಟಕಿಯ ಕಡೆ ಹೋಗಿ ಕೆಳಗಿನ ಕಾರುಗಳನ್ನು ತೋರಿಸತೊಡಗಿದಳು. ನನ್ನ ಬಾಯಿ ಸ್ವಲ್ಪ ಉದ್ದ, ಮೊದಲಿನಿಂದಲೂ. ಆ ದಿನ ಅದರ ಬಗ್ಗೆ ನನಗೆ ಯಾವ ಪಶ್ಚಾತ್ತಾಪವೂ ಆಗಲಿಲ್ಲ.

ನಾನಾಗ ಮನೆಯಲ್ಲಿ ಕೂತು ಟೈಪಿಂಗ್ ಮಾಡುತ್ತಿದ್ದೆ. ಹುಬ್ಬಳ್ಳಿಯ ಇನ್‌ಸ್ಟಿಟ್ಯೂಟಿನಲ್ಲಿ ಸೀನಿಯರ್ ಪರೀಕ್ಷೆ ಪಾಸು ಮಾಡಿದ ಬೆರಳುಗಳು ಮದುವೆಯಾಗಿ ಬಂದ ಮೇಲೆ ಸುಮ್ಮನೆ ಕೂರಲು ಒಪ್ಪಲಿಲ್ಲ. ಲೈಬ್ರರಿಯ ನೋಟಿಸ್ ಬೋರ್ಡಿನಲ್ಲಿ ಒಂದು ಚೀಟಿ ನೋಡಿ ಫಾಸ್ಟರ್ ಸಿಟಿಯ ಒಂದು ಮನೆಗೆ ಹೋದೆ. ಮನೆಯ ಹಿಂದೆ ಅಂಗಳವಿರಬೇಕಾದ ಕಡೆ ನೀರಿತ್ತು. ಆ ಊರೇ ಹಾಗೆ, ಹಿತ್ತಲ ಬಾಗಿಲು ತೆರೆದರೆ ಲಗೂನು. ಅಲ್ಲಿದ್ದವರು ಎಂಬತ್ತು ಮುಟ್ಟುತ್ತಿದ್ದ ಒಬ್ಬ ಇಂಗ್ಲಿಷ್ ಹೆಂಗಸು. ಮೂವತ್ತು ವರ್ಷ ಆಫ್ರಿಕಾದಲ್ಲಿ ಮಿಷನರಿ ಟೀಚರಾಗಿದ್ದವರು. ಆಗ ನ್ಯಾಸಾಲ್ಯಾಂಡ್ ಎನ್ನುತ್ತಿದ್ದ, ಈಗಿನ ಮಲಾವಿಯ ಬೆಟ್ಟದ ಮೇಲಿದ್ದ ಒಂದು ಬೋರ್ಡಿಂಗ್ ಶಾಲೆಯ ಚರಿತ್ರೆ ಬರೆಯುತ್ತಿದ್ದರು. ಕಣ್ಣು ಮಂಜಾಗುತ್ತ ಬಂದಿದ್ದರಿಂದ ಅವಸರದಲ್ಲಿದ್ದರು. ನಾನು ಓದಿದ ಶಾಲೆಯಲ್ಲಿ ಟೀಚರನ್ನು ಮಿಸ್ ಎಂದು ಕರೆದು ರೂಢಿ. ಇವರನ್ನೂ ಮಿಸ್ ಎಂದೇ ಕರೆದೆ. ಅವರಿಗೆ ಅದು ಹಿಡಿಸಿತು.

ಅವರು ಕೈಬರಹದ ಹಾಳೆಗಳನ್ನೂ ಕ್ಯಾಸೆಟ್ಟುಗಳನ್ನೂ ಕೊಡುತ್ತಿದ್ದರು. ಕ್ಯಾಸೆಟ್ಟಿನಲ್ಲಿ ಆ ಶಾಲೆಯಲ್ಲಿ ಓದಿದವರ ಮಾತು ಇರುತ್ತಿತ್ತು. ಕಾಲಲ್ಲಿ ಪೆಡಲು ಒತ್ತಿ ಟೇಪನ್ನು ನಿಲ್ಲಿಸುತ್ತ, ಓಡಿಸುತ್ತ, ಕೇಳಿದ್ದನ್ನು ಟೈಪ್ ಮಾಡುವುದು ನನ್ನ ಕೆಲಸ. "ಅವರ ಇಂಗ್ಲಿಷು ಎಲ್ಲಾದರೂ ತಪ್ಪಿದ್ದರೆ ನೀನೇ ಸರಿಮಾಡಿಬಿಡು," ಎಂದು ಮಿಸ್ ಹೇಳಿದ್ದರು. ಧಾರವಾಡದವಳಿಗೆ ಆಫ್ರಿಕದವರ ಇಂಗ್ಲಿಷು ತಿದ್ದುವ ಅಧಿಕಾರ! ನಾನು ಬಲು ಹೆಮ್ಮೆಯಿಂದ ತಿದ್ದಿದೆ.

ಹೀಗೆ ಎಂಟು ತಿಂಗಳಲ್ಲಿ ನಾನು ಕಾಣದ ಆ ಶಾಲೆ ನನಗೆ ನಮ್ಮ ಓಣಿಯಷ್ಟೇ ಪರಿಚಯವಾಯಿತು. ಗಂಟೆಯೆಂದರೆ ಮರಕ್ಕೆ ತೂಗುಹಾಕಿದ ರೈಲು ಹಳಿಯ ತುಂಡು. ಹುಲ್ಲು ಹೊದಿಸಿದ ಉದ್ದನೆಯ ಕೋಣೆಗಳಲ್ಲಿ ಇಬ್ಬಿಬ್ಬರಿಗೆ ಒಂದು ಕಂಬಳಿ. ಬೆಳಿಗ್ಗೆ ಪಾಠ, ಮಧ್ಯಾಹ್ನ ಇಟ್ಟಿಗೆ. ಚರ್ಚಿನ ಗೋಡೆಗೆ ಬೇಕಾದ ಇಟ್ಟಿಗೆಯನ್ನೆಲ್ಲ ಹುಡುಗರೇ ತುಳಿದು, ಎರಕ ಹೊಯ್ದು, ಸುಟ್ಟು ಕೊಟ್ಟರು. ಮಿಸ್ ಅದನ್ನು ಶ್ರಮದ ಗೌರವ ಎಂದು ಬರೆದಿದ್ದರು. ಟೇಪಿನಲ್ಲಿ ಮುದುಕನೊಬ್ಬ ನಗುತ್ತ, "ನಾವು ಓದಲು ಹೋದೆವು, ಕಟ್ಟಿ ಬಂದೆವು," ಎಂದಿದ್ದ. ಎರಡನ್ನೂ ನಾನೇ ಟೈಪ್ ಮಾಡಿದೆ. ಎರಡೂ ನಿಜವಿರಬೇಕು ಎಂದುಕೊಂಡೆ. ಓದು ಬರಹ ಕೊಟ್ಟವರ ಮೇಲೆ ಪೂರ್ತಿ ಸಿಟ್ಟು ಮಾಡಲು ಬರುವುದಿಲ್ಲ, ಪೂರ್ತಿ ಕೃತಜ್ಞರಾಗಿರಲೂ ಬರುವುದಿಲ್ಲ. ನಾನೂ ಪಾದ್ರಿಗಳ ಶಾಲೆಯಲ್ಲೇ ಓದಿದವಳು.

ಒಂದು ಅಧ್ಯಾಯ ಮಾತ್ರ ನನಗೆ ಮುಳ್ಳಿನಂತೆ ಚುಚ್ಚಿತು. ಶಾಲೆಯ ಶಿಕ್ಷಕರ ಹೆಂಡಂದಿರಿಗೆ ಓದು, ಹೊಲಿಗೆ ಕಲಿಸಲು ಮಿಸ್ ಒಂದು ತರಗತಿ ನಡೆಸುತ್ತಿದ್ದರಂತೆ. ಆಗ ಅವರು ಹಡಗಿನಿಂದಿಳಿದು ಬಂದ ಹೊಸತು. ಅವರ ವಿದ್ಯಾರ್ಥಿನಿಯರಲ್ಲಿ ಹದಿನೇಳು ಹದಿನೆಂಟರ ಒಬ್ಬಳು ತನ್ನದೇ ಭಾಷೆಯ ಪಾಠವನ್ನು ಗಟ್ಟಿಯಾಗಿ ಓದುವಾಗ ಒಂದು ಪದ ಬಂದ ಕೂಡಲೇ ಅದನ್ನು ಹಾರಿಸಿ ಮುಂದೆ ಹೋಗುತ್ತಿದ್ದಳು. ಒಂದೇ ಪದ, ಪ್ರತಿ ಸಲವೂ. ಮಿಸ್ ಅವಳನ್ನು ವರಾಂಡದಲ್ಲಿ ನಿಲ್ಲಿಸಿದರು. ಆ ಪದ ಹೇಳಿದರೆ ಒಳಗೆ ಬರಬಹುದು ಎಂದರು. ಹುಡುಗಿ ಸಂಜೆಯವರೆಗೆ ನಿಂತಳು, ಹೇಳಲಿಲ್ಲ. ಆ ಅಧ್ಯಾಯಕ್ಕೆ ಮಿಸ್ ಕೊಟ್ಟ ಹೆಸರು: ಹಟಮಾರಿಗಳು. ಯಾವ ಪದ ಎಂದು ಬರೆದಿರಲಿಲ್ಲ.

ಪುಸ್ತಕದ ಕೊನೆಗೆ ಮೊದಲ ವರ್ಷಗಳ ವಿದ್ಯಾರ್ಥಿಗಳ ಪಟ್ಟಿ ಇತ್ತು. ಹಳೆಯ ದಾಖಲಾತಿ ರಿಜಿಸ್ಟರಿನಿಂದ ಇಳಿಸಿದ್ದು: ಹುಡುಗನ ಹೆಸರು, ತಂದೆಯ ಹೆಸರು, ಊರು. ಅದನ್ನು ಟೈಪ್ ಮಾಡಿ ಕೊಟ್ಟ ದಿನ ಓಕ್ಲ್ಯಾಂಡಿನಿಂದ ಇಬ್ಬರು ಅತಿಥಿಗಳು ಬಂದಿದ್ದರು. ಅಲ್ಲಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರಾಗಿದ್ದ ಐವತ್ತರ ಒಬ್ಬರು, ಮತ್ತು ಅವರ ತಾಯಿ. ತಾಯಿಯ ದನಿ ನನಗೆ ಚೆನ್ನಾಗಿ ಪರಿಚಯವಿತ್ತು, ಮೂರು ಕ್ಯಾಸೆಟ್ಟು ಅವರದೇ. ಮುಖ ಮಾತ್ರ ಅಂದೇ ಕಂಡದ್ದು. ಅವರ ಗಂಡ ಆ ಶಾಲೆಯಲ್ಲಿ ಓದಿ ಅಲ್ಲೇ ಶಿಕ್ಷಕರಾದವರು, ಈ ಮಗ ಮೂರು ವರ್ಷದವನಿದ್ದಾಗ ತೀರಿಕೊಂಡವರು. ಮಿಸ್ ಒಳಗೆ ಚಹಾಕ್ಕೆ ಹೋದಾಗ ಮಗ ಮೆಲ್ಲಗೆ ನನಗೆ ಹೇಳಿದರು: "ವರಾಂಡದಲ್ಲಿ ನಿಂತ ಹುಡುಗಿ ಇವಳೇ." ಅಂಥ ಹೆಂಗಸು ಆ ಮನೆಗೆ ಬಂದು ನಗುನಗುತ್ತ ಕೂತಿದ್ದರು. ನನ್ನಿಂದಾಗುತ್ತಿರಲಿಲ್ಲ.

ಆ ಅಜ್ಜಿ ಭೂತಗನ್ನಡಿ ಹಿಡಿದು ಪಟ್ಟಿ ನೋಡಿದರು. ಗಂಡನ ಸಾಲಿನ ಮೇಲೆ ಬೆರಳಿಟ್ಟರು.

"ಇದು ನನ್ನ ಮಾವನ ಹೆಸರಲ್ಲ," ಎಂದರು. "ಇದು ಯಾರ ಹೆಸರೂ ಅಲ್ಲ."

ಅವರು ಹೇಳಿದ್ದು ಇಷ್ಟು. ಅವರ ಗಂಡನನ್ನು ಏಳು ವರ್ಷದ ಹುಡುಗನಾಗಿದ್ದಾಗ ಶಾಲೆಗೆ ಕರೆತಂದವಳು ಅವನ ತಾಯಿ. ತಂದೆ ದಕ್ಷಿಣದ ಗಣಿಗಳಿಗೆ ದುಡಿಯಲು ಹೋಗಿದ್ದ, ಆಮೇಲೆ ಹಿಂದಿರುಗಲೇ ಇಲ್ಲ. ಗುಮಾಸ್ತ ತಂದೆಯ ಹೆಸರು ಕೇಳಿದ. ಹುಡುಗನಿಗೆ ಅಪ್ಪ ಎಂದರೆ ಅಪ್ಪ. ತಾಯಿ ಗಂಡನ ಹೆಸರು ಹೇಳುವಂತಿಲ್ಲ. "ಮನೆಯಲ್ಲಿ ಕೇಳಿ" ಎಂದಳು. ಗುಮಾಸ್ತ ಅದನ್ನೇ ಬರೆದುಕೊಂಡ. ಅದೇ ಹುಡುಗನ ಮನೆತನದ ಹೆಸರಾಯಿತು, ಅವನ ಸರ್ಟಿಫಿಕೇಟಿಗೆ ಹೋಯಿತು. ದೊಡ್ಡವನಾದ ಮೇಲೆ ತಿದ್ದಿ ಎಂದು ಕೇಳಿದಾಗ ಬರೆದದ್ದನ್ನು ಬದಲಿಸುವಂತಿಲ್ಲ ಎಂದರಂತೆ.

"ಹೌದು, ನನಗೆ ಗೊತ್ತು," ಎಂದರು ಮಿಸ್, ಚಹಾದ ತಟ್ಟೆ ಇಡುತ್ತ. ಅವರ ಮುಖದಲ್ಲಿ ಹಳೆಯ ನಗೆಯೊಂದು ಬಂದು ಅರ್ಧಕ್ಕೆ ನಿಂತಿತು. "ನಾವು ಟೀಚರುಗಳು ಅದನ್ನು ಹೇಳಿಕೊಂಡು ನಗುತ್ತಿದ್ದೆವು."

ಮಗ ತಾಯಿಯ ಕಡೆ ತಿರುಗಿದರು. ಆ ಹೆಸರಿನ ಅರ್ಥ ಅವರಿಗೂ ಗೊತ್ತಿತ್ತು. ಯಾವನೋ ಮಿತಭಾಷಿ ಮುತ್ತಜ್ಜನ ಅಡ್ಡಹೆಸರಿರಬೇಕು ಎಂದುಕೊಂಡಿದ್ದರಂತೆ. "ನಾನು ಇಷ್ಟು ವರ್ಷ ಪ್ರತಿ ಔಷಧಿ ಚೀಟಿಗೆ ಇದನ್ನೇ ಸಹಿ ಮಾಡಿದ್ದೇನಲ್ಲಮ್ಮ. ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದರೆ ಮುಂದೆ ನಿಜವಾದದ್ದು ಏನು ಎಂದು ನೀನು ಕೇಳುತ್ತಿದ್ದೆ," ಎಂದರು ಅಜ್ಜಿ. "ಈಗ ಅಚ್ಚಾಗುತ್ತಿದೆ. ಅಚ್ಚಾದರೆ ಇದೇ ನಿಜವಾಗುತ್ತದೆ. ಆ ಹೆಸರು ಗೊತ್ತಿರುವವಳು ಈಗ ಉಳಿದಿರುವುದು ನಾನೊಬ್ಬಳೇ. ನಾನು ಹೋದರೆ ಅದೂ ಹೋಯಿತು."

ಮದುವೆಯಾದ ದಿನ ಗಂಡನ ಮನೆಯ ಮುದುಕಿಯರು ಅವರ ಕಿವಿಯಲ್ಲಿ ಮಾವನ ಹೆಸರು ಹೇಳಿ, ಇದನ್ನು ಸಾಯುವವರೆಗೂ ಬಾಯಲ್ಲಿ ತರಬೇಡ ಎಂದಿದ್ದರು. ತರಬಾರದೆಂದು ಕಲಿಸಿದ್ದರಿಂದಲೇ ಅದು ಅವರಲ್ಲಿ ಅಷ್ಟು ಗಟ್ಟಿಯಾಗಿ ಉಳಿದಿತ್ತು.

"ಹಾಗಾದರೆ ಈಗ ಹೇಳು, ಈಗಲೇ ತಿದ್ದಿಸುತ್ತೇನೆ," ಎಂದರು ಮಿಸ್.

ಅಜ್ಜಿ ತುಟಿ ಬಿಗಿದು ಕೂತರು.

"ಬರೆದಾದರೂ ಕೊಡಮ್ಮ," ಎಂದರು ಮಗ.

"ಬರೆದರೂ ಹೇಳಿದ ಹಾಗೇ."

"ಒಂದು ಹೆಸರು ಹೇಳಲು ನಿನಗೇನು ಕಷ್ಟ? ನಾವು ಅಮೆರಿಕದಲ್ಲಿದ್ದೇವೆ!" ಮಗನ ದನಿ ಏರಿತು. ನನ್ನ ಕಿವಿ ಬಿಸಿಯಾಯಿತು. ಧಾಡಿ ಎಂಬ ಪದವೊಂದು ಬಿಟ್ಟರೆ ಅದು ನನ್ನದೇ ಮಾತು.

ಹಾಗಾದರೆ ಆ ಜಾಗ ಖಾಲಿ ಬಿಡಿ ಎಂದರು ಅಜ್ಜಿ. ಮಿಸ್ ಒಪ್ಪಲಿಲ್ಲ. ರಿಜಿಸ್ಟರಿನಲ್ಲಿ ಇರುವುದನ್ನು ಅಳಿಸಲು ತನಗೆ ಹಕ್ಕಿಲ್ಲ, ಬದಲಿಗೆ ಹಾಕಲು ಹೆಸರು ಬೇಕು ಎಂದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ತಿಂಗಳ ಕೊನೆಗೆ ಹಾಳೆಗಳು ಪ್ರೆಸ್ಸಿಗೆ ಹೋಗಬೇಕಿತ್ತು. ಅತಿಥಿಗಳು ಹೋದ ಮೇಲೆ ಮಿಸ್ ನನ್ನ ಕಡೆ ನೋಡಿ, "ನೋಡಿದೆಯಾ? ಆಗಲೂ ಹೀಗೆಯೇ," ಎಂದರು. ಅವರಿಗೆ ಏನಾದರೂ ಅನ್ನಬೇಕೆಂದು ನಾಲಿಗೆ ತುರಿಸಿತು. ಆದರೆ ಅನ್ನುವ ಯೋಗ್ಯತೆ ನನಗಿರಲಿಲ್ಲ.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಅವ್ವ ಮಗುವಿಗೆ ಅನ್ನ ಕಲಸುತ್ತಿದ್ದಳು.

"ಆಕಿ ಹ್ಯಾಂಗ ಹೇಳ್ತಾಳವಾ?" ಎಂದಳು, ಇದರಲ್ಲಿ ತಿಳಿಯದ್ದೇನಿದೆ ಎಂಬಂತೆ. "ನಿಮ್ಮಜ್ಜಿ ಎಂದಾರ ಕಲ್ಲು ಅಂದಿದ್ಲೇನು?"

ನಮ್ಮ ಅಜ್ಜನ ಹೆಸರು ಕಲ್ಲಿನಿಂದಲೇ ಶುರುವಾಗುತ್ತಿತ್ತು. ಅಜ್ಜಿ ಬೀಸುವ ಕಲ್ಲಿಗೆ ಬೀಸೂದು ಎನ್ನುತ್ತಿದ್ದಳು. ಅನ್ನದಲ್ಲಿ ಹರಳು ಸಿಕ್ಕರೆ "ಗಟ್ಟೀದು ಬಂತು ನೋಡ" ಎಂದು ಉಗಿಯುತ್ತಿದ್ದಳು. ಕಲ್ಲುಸಕ್ಕರೆ ಬೇಕಾದರೆ "ಆ ದೊಡ್ಡ ಸಕ್ರಿ." ನಾವು ಮೊಮ್ಮಕ್ಕಳು ಬೇಕೆಂದೇ ಒಂದು ಕಲ್ಲು ತಂದು, ಇದೇನಜ್ಜಿ ಎಂದು ಕಾಡುತ್ತಿದ್ದೆವು. ಹೆಸರನ್ನಷ್ಟೇ ಅಲ್ಲ, ಅದರ ಸದ್ದಿರುವ ಮಾತನ್ನೇ ಅವಳು ಬಾಳಿನಿಂದ ಹೊರಗಿಟ್ಟಿದ್ದಳು. ಅವಳು ಹೇಳದ ಮಾತನ್ನು ಗುರುತಿಟ್ಟರೆ ಯಾರು ಬೇಕಾದರೂ ಅಜ್ಜನ ಹೆಸರು ತಿಳಿಯಬಹುದಿತ್ತು.

ಮರುದಿನ ಮಗು ಮಲಗಿದಾಗ ಓಕ್ಲ್ಯಾಂಡ್ ಅಜ್ಜಿಯ ಕ್ಯಾಸೆಟ್ಟುಗಳನ್ನು ಮತ್ತೆ ಹಾಕಿದೆ. ಈ ಸಲ ತಿದ್ದಲು ಅಲ್ಲ, ಕೇಳಲು. ಅವರ ಇಂಗ್ಲಿಷು ಸೊಗಸಾಗಿತ್ತು. ಮಳೆ, ಮಂಜು, ತೊರೆ, ಕೆಸರು, ಎಲ್ಲಕ್ಕೂ ಸರಿಯಾದ ಪದ. ಒಂದು ಕಡೆ ಮಾತ್ರ, "ಬೆಳಗಿನ ಒದ್ದೆಯಲ್ಲಿ ನಡೆದು ತೋಟಕ್ಕೆ ಹೋಗುತ್ತಿದ್ದೆವು" ಎಂದಿದ್ದರು. ಇನ್ನೊಂದು ಕಡೆ, "ಹುಲ್ಲಿನ ಮೇಲೆ ಬೆಳಗಿನ ಒದ್ದೆ ಇತ್ತು." ಮೂರನೆಯ ಕ್ಯಾಸೆಟ್ಟಿನಲ್ಲಿ ಮತ್ತೆ ಅದೇ. ಪರಭಾಷೆಯಲ್ಲೂ ಅವರು ಆ ಪದವನ್ನು ಬಾಯಿಗೆ ತರದೆ ದಾಟಿದ್ದರು. ಟೈಪ್ ಮಾಡಿದ ಹಾಳೆ ತೆಗೆದು ನೋಡಿದೆ. ಮೂರೂ ಕಡೆ ನಾನು ತಿದ್ದಿ, ನನ್ನ ಚೊಕ್ಕ ಇಂಗ್ಲಿಷಿನಲ್ಲಿ ಇಬ್ಬನಿ ಎಂದು ಮಾಡಿದ್ದೆ. ಹೆಂಗಸೊಬ್ಬಳು ಐವತ್ತು ವರ್ಷ ಎಚ್ಚರದಿಂದ ಕಾಪಾಡಿದ್ದನ್ನು ನಾನು ವ್ಯಾಕರಣದ ತಪ್ಪೆಂದು ಅಳಿಸಿದ್ದೆ. ನಾಚಿಕೆಯಿಂದ ಮುಖ ಮುಚ್ಚಿಕೊಳ್ಳುವಂತಾಯಿತು.

ಅಂದೇ ಸಂಜೆ ಫಾಸ್ಟರ್ ಸಿಟಿಗೆ ಹೋದೆ. ಹಟಮಾರಿಗಳ ಅಧ್ಯಾಯವನ್ನು ಮಿಸ್ ಮುಂದೆ ಇಟ್ಟು ಕೇಳಿದೆ: "ಆ ಹುಡುಗಿ ಹಾರಿಸುತ್ತಿದ್ದ ಪದ ಯಾವುದು?"

"ಎಷ್ಟೋ ವರ್ಷವಾಯಿತಲ್ಲ ಮಗು."

"ಪಾಠ ಯಾವುದೆಂದು ನೆನಪಿದೆಯೇ?"

ಮಿಸ್ ಕಣ್ಣು ಮುಚ್ಚಿ ಕೂತರು. "ಬೈಬಲ್ಲಿನ ಒಂದು ಕತೆ. ರಾತ್ರಿ ಉಣ್ಣೆಯನ್ನು ಹೊರಗೆ ಹಾಸಿಡುತ್ತಾರೆ. ಬೆಳಿಗ್ಗೆ ನೋಡಿದರೆ ಅದರ ಮೇಲೆ…" ಎಂದವರು ಅಲ್ಲಿಗೇ ನಿಲ್ಲಿಸಿದರು.

"ಆಕೆಗೆ ಮದುವೆಯಾಗಿ ಎಷ್ಟು ದಿನವಾಗಿತ್ತು ಆಗ?"

"ಅದೇ ತಿಂಗಳು."

ನಾನು ನಮ್ಮ ಅಜ್ಜಿಯ ಕಲ್ಲಿನ ಕತೆ ಹೇಳಿದೆ. ಹಲ್ಲಿನ ಡಾಕ್ಟರ ಲಕೋಟೆಯ ಕತೆಯನ್ನೂ ಹೇಳಿದೆ, ಅವ್ವನಿಗೆ ನಾನಂದ ಮಾತು ಬಿಡದೆ. ಮಿಸ್ ಲಗೂನಿನ ಕಡೆ ಮುಖ ತಿರುಗಿಸಿ, "ಮೂವತ್ತು ವರ್ಷ ಅವರ ಭಾಷೆ ಕಲಿತೆ. ಆ ಹುಡುಗಿಯನ್ನು ಯಾಕೆ ಎಂದು ಒಂದು ಸಲವೂ ಕೇಳಲಿಲ್ಲ," ಎಂದರು. ಅವರನ್ನು ಸಮಾಧಾನಪಡಿಸಬೇಕೆಂದು ನನಗೆ ಅನಿಸಲಿಲ್ಲ. ಆದರೆ ಅವರ ಮೇಲಿದ್ದ ಸಿಟ್ಟು ಇಳಿಯಿತು.

ಹೀಗೆ ಕದ್ದು ಕಂಡುಹಿಡಿದದ್ದನ್ನು ಅಜ್ಜಿಯನ್ನು ಕೇಳದೆ ಅಚ್ಚು ಹಾಕಿಸುವುದು ನನಗೆ ಸರಿ ಕಾಣಲಿಲ್ಲ. ಓಕ್ಲ್ಯಾಂಡಿಗೆ ಫೋನು ಮಾಡಿದೆ. ಪದ ಯಾವುದೆಂದು ಹೇಳಲಿಲ್ಲ. ಮಿಸ್ ನಿಮ್ಮ ಮುಂದೆ ಒಂದು ಮಾತು ಹೇಳಿದರೆ ನಡೆಯುತ್ತದೆಯೇ ಎಂದು ಮಾತ್ರ ಕೇಳಿದೆ. ಅಜ್ಜಿ, "ಬೇರೆಯವರು ಹೇಳಿದ್ದು ಕಿವಿಗೆ ಬಿದ್ದರೆ ಅದು ನನ್ನ ತಪ್ಪಲ್ಲ. ಶನಿವಾರ ಬರುತ್ತೇವೆ," ಎಂದರು.

ಶನಿವಾರ ಅವ್ವನೂ ಹೊರಟಳು. ಬರಿಗೈಯಲ್ಲಿ ಹೋಗುವುದು ಹೇಗೆ ಎಂದು ಶೇಂಗಾ ಹೋಳಿಗೆ ಮಾಡಿಕೊಂಡಿದ್ದಳು. ಓಕ್ಲ್ಯಾಂಡ್ ಅಜ್ಜಿ ಒಂದು ತುಂಡು ಬಾಯಿಗಿಟ್ಟು, ನಮ್ಮಲ್ಲೂ ಶೇಂಗಾ ಕುಟ್ಟಿ ಎಲ್ಲದಕ್ಕೂ ಹಾಕುತ್ತೇವೆ ಎಂದರು. ನಾನು ಅನುವಾದ ಮಾಡುವ ಮೊದಲೇ ಅವ್ವ ಕುಟ್ಟುವ ಕೈಸನ್ನೆ ಮಾಡಿದಳು, ಅವರೂ ಮಾಡಿದರು. ಇಬ್ಬರೂ ಒಂದೇ ಸೋಫಾದಲ್ಲಿ ಒತ್ತಿಕೊಂಡು ಕೂತರು. ಮಗು ಇಬ್ಬರ ತೊಡೆಯ ಮೇಲೂ ಅರ್ಧರ್ಧ ಮಲಗಿತ್ತು. ಮಗ ಎದುರಿನ ಕುರ್ಚಿಯ ತುದಿಯಲ್ಲಿ ಕೂತಿದ್ದರು.

ಮಿಸ್ ನೆಟ್ಟಗೆ ಕೂತು ಗಂಟಲು ಸರಿಮಾಡಿಕೊಂಡು, ಆ ಪಾಠದಲ್ಲಿದ್ದ ಪದವನ್ನು ಅವರ ಭಾಷೆಯಲ್ಲಿ ಹೇಳಿದರು.

ಅಜ್ಜಿ ಕದಲಲಿಲ್ಲ. ತಲೆಯನ್ನು ಸ್ವಲ್ಪವೇ ಆಡಿಸಿದರು, ಪೂರ್ತಿ ಅಲ್ಲ ಎನ್ನುವಂತೆ. ಮಿಸ್ ಯೋಚಿಸಿದರು. ಆ ಭಾಷೆಯಲ್ಲಿ ಪದದ ಮುಂದೆ ಒಂದು ಅಕ್ಷರ ಅಂಟಿಕೊಂಡಿರುತ್ತದಂತೆ, ಮನುಷ್ಯನ ಹೆಸರಾದಾಗ ಅದು ಉದುರುತ್ತದಂತೆ. ಇದನ್ನು ಆಮೇಲೆ ಮಿಸ್ ವಿವರಿಸಿದರು. ಆ ಕ್ಷಣದಲ್ಲಿ ನನಗೆ ಕೇಳಿಸಿದ್ದು ಮೊದಲಿನದಕ್ಕಿಂತ ಚಿಕ್ಕದಾದ ಒಂದು ಪದ, ಅಷ್ಟೆ. ಮಿಸ್ ಅದನ್ನು ನಿಧಾನವಾಗಿ, ಯಾರನ್ನೋ ಕರೆಯುವಂತೆ ಹೇಳಿದರು.

ಅಜ್ಜಿ ಹೌದೆನ್ನಲಿಲ್ಲ. ಹೆಗಲ ಮೇಲಿದ್ದ ಶಾಲನ್ನು ಎರಡೂ ಕೈಯಿಂದ ಎಳೆದು ತಲೆ, ಹಣೆ, ಕಣ್ಣು ಮುಚ್ಚುವಂತೆ ಹೊದ್ದುಕೊಂಡು ತಲೆ ತಗ್ಗಿಸಿದರು. ಮಾವ ಬಾಗಿಲಲ್ಲಿ ಬಂದು ನಿಂತಿದ್ದರೆ ಹೇಗೆ ಹೊದೆಯಬೇಕೋ ಹಾಗೆ. ಅವ್ವನಿಗೆ ಇಂಗ್ಲಿಷು ಬರದು, ಆ ಭಾಷೆಯಂತೂ ಕೇಳಲೇಬೇಡಿ. ಆದರೂ ಅವಳ ಕೈ ತಾನಾಗಿಯೇ ಮೇಲೆದ್ದು ಸೆರಗನ್ನು ತಲೆಯ ಮೇಲೆಳೆದುಕೊಂಡಿತು. ಯಾವುದೋ ಖಂಡದ ಯಾವುದೋ ಗಣಿಯಲ್ಲಿ ಕಳೆದುಹೋದ ಯಾರದೋ ಮಾವನಿಗೆ. ನನಗೆ ಅಳು ಬಂತು, ತಡೆಯಲು ಹೋಗಲಿಲ್ಲ.

ಆ ಹೆಸರನ್ನು ಪಟ್ಟಿಯಲ್ಲಿ ಟೈಪ್ ಮಾಡಿದವಳು ನಾನೇ. ಇಲ್ಲಿ ಬರೆಯುವುದಿಲ್ಲ.

ಮಗ ಅದನ್ನು ಬಾಯೊಳಗೇ ಒಂದು ಸಲ ಅಂದುಕೊಂಡರು. ಅಷ್ಟು ವರ್ಷಕ್ಕೆ ಅಜ್ಜನ ಹೆಸರನ್ನು ಅದೇ ಮೊದಲು ಕೇಳಿದ್ದು. ಗಟ್ಟಿಯಾಗಿ ಹೇಳಲು ಬಾಯಿ ತೆರೆದವರು ತಾಯಿಯ ಕಡೆ ನೋಡಿ ತಡೆದರು. ಎದ್ದು, ಗಾಜಿನ ಬಾಗಿಲು ಸರಿಸಿ ಹೊರಗೆ ಹೋಗಿ, ಬಾಗಿಲನ್ನು ಮತ್ತೆ ಭದ್ರವಾಗಿ ಎಳೆದುಕೊಂಡರು. ನೀರಿನ ಅಂಚಿನವರೆಗೆ ನಡೆದು ನಿಂತರು.

"ಹೇಳುತ್ತಿದ್ದಾನಾ?" ಎಂದು ಅಜ್ಜಿ ಶಾಲಿನ ಒಳಗಿನಿಂದ ನನ್ನನ್ನು ಕೇಳಿದರು.

ನಾನು ಗಾಜಿನಾಚೆ ನೋಡಿದೆ. ಅವರ ಕತ್ತಿನ ನರ ಉಬ್ಬಿತ್ತು. ಆಚೆ ದಡದ ಮನೆಯವರೊಬ್ಬರು ಹೊರಗೆ ಬಂದು ಯಾರು ಯಾರನ್ನು ಕರೆಯುತ್ತಿದ್ದಾರೆಂದು ನೋಡುತ್ತಿದ್ದರು.

"ಹೇಳುತ್ತಿದ್ದಾರೆ."

"ಗಟ್ಟಿಯಾಗಿ?"

"ಗಟ್ಟಿಯಾಗಿಯೇ," ಎಂದೆ.